ಅಂಜಿದವರು ಬರೆಯುವುದಿಲ್ಲ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಂತಿರಲಿಲ್ಲ. ದಪ್ಪಗೆ, ಗೋವಿನಜೋಳದ ಕಾಳಿನ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ತುಸು ಬಾಗಿತ್ತು. ಕೆಂಪು ಶಾಯಿಯನ್ನು ಅವರು ಅಂಕ ಹಾಕಲಿಕ್ಕೆ ಮಾತ್ರ ಬಳಸುತ್ತಿದ್ದರು, ತಪ್ಪು ತೋರಿಸಲಿಕ್ಕೆ ಆ ಉಗುರೇ ಸಾಕಾಗಿತ್ತು. ನಾವು ಬರೆದದ್ದನ್ನು ಓದುತ್ತ ಹೋಗಿ, ಎಲ್ಲಿ ಅವರಿಗೆ ನಂಬಿಕೆ ಕಡಿಯುತ್ತಿತ್ತೋ ಆ ಸಾಲಿನ ಕೆಳಗೆ ಉಗುರು ಒತ್ತಿ ಒಮ್ಮೆ ಎಳೆಯುತ್ತಿದ್ದರು. ಅಲ್ಲಿಂದ ಮುಂದೆ ಓದುತ್ತಿರಲಿಲ್ಲ.

"ಇಲ್ಲಿಂದ ಸುಳ್ಳ ಶುರುವಾತು. ತಗೋ," ಎಂದು ಹಾಳೆಯನ್ನು ನಮ್ಮ ಕೈಗೆ ತಳ್ಳುತ್ತಿದ್ದರು.

ರಬಕವಿಯಲ್ಲಿ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಅವರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ನಮ್ಮೂರ ನದಿಯ ಮೇಲೆ ಪ್ರಬಂಧ ಬರೆಯಿರಿ ಅಂದಾಗ, ನಾನು ಗೈಡು ತೆರೆದು 'ಕೃಷ್ಣೆಯು ಮಂಜುಳ ನಾದಗೈಯುತ್ತ ಹರಿಯುತ್ತಾಳೆ' ಎಂದು ಶುರು ಮಾಡಿದ್ದೆ. ಉಗುರು ಮೊದಲ ಸಾಲಿಗೇ ಬಿತ್ತು.

"ಯಾರ ಕಿವ್ಯಾಗ ಮಂಜುಳ ನಾದ ಆತು ಬೇ? ಹೊಳಿ ತುಂಬಿದಾಗ ಈಯಾಕ ಬಂದ ಎಮ್ಮಿ ಒದರಿದಂಗ ಒದರತೈತಿ. ಗೈಡ ಬರದಾಂವ ಹೊಳಿ ನೋಡಿಲ್ಲ, ನೀ ನೋಡೀದಿ. ನೋಡಿದಾಕಿ ಹೋಗಿ ನೋಡಲಾರದಾಂವನ್ನ ಕಾಪಿ ಹೊಡದೀದಿ. ಏನ್ ಶಾಣ್ಯಾಕೀನೋ!"

ಇಡೀ ತರಗತಿ ನಕ್ಕಿತು. ನಗದೇ ಇದ್ದವರು ಅಕ್ಕೋರೊಬ್ಬರೇ.

ಮೆಟ್ರಿಕ್ ಮುಗಿದಾಗ ಅಪ್ಪ ನನ್ನ ಓದು ಬಿಡಿಸುವುದೆಂದು ನಿಶ್ಚಯಿಸಿದ್ದ. ಆತ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದ, ಅವ್ವ ಲಾಳಿಯಲ್ಲಿಡುವ ಕಂಡಕಿಗೆ ನೂಲು ಸುತ್ತುತ್ತಿದ್ದಳು. ಅಕ್ಕೋರು ಮನೆಗೆ ಬಂದರು. ಚಹಾ ಬೇಡವೆಂದರು.

"ಹೆಣ್ಣ ಹುಡಿಗ್ರಿ ಅಕ್ಕೋರ. ಇಷ್ಟ ಕಲತದ್ದ ಸಾಕ್ರಿ. ಕಂಡಕಿ ಸುತ್ತಾಕ ಮನ್ಯಾಗ ಮಂದಿ ಇಲ್ಲ," ಎಂದ ಅಪ್ಪ.

"ಕಂಡಕಿ ಸುತ್ತೂ ಮಶೀನ ಬಂದಾವು. ಓದೂ ಮಶೀನ ಇನ್ನಾ ಬಂದಿಲ್ಲ. ಕಳಸು," ಅಂದರು. ಎದ್ದು ಹೋದರು. ಅಷ್ಟೆ.

ಹೀಗೆ ಜಮಖಂಡಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಅಕ್ಷರ ಬರೆಸಿಕೊಂಡ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಪಡಬೇಕಾದವರು, ಅಜ್ಜನ ಕಾಲದಿಂದ ಪದವಿ ಇದ್ದೂ ಒಂದು ಪುಸ್ತಕ ಪೂರ್ತಿ ಓದದವರು. ಅವರ ವಿಷಯಕ್ಕೇ ಬರುತ್ತಿದ್ದೇನೆ.

ಮುಧೋಳದಲ್ಲಿ ಕಚೇರಿ ಕೆಲಸ ಮಾಡುತ್ತ, ರಜೆಯ ದಿನಗಳಲ್ಲಿ ಕೂತು ನಾನೊಂದು ದೆವ್ವದ ಕಾದಂಬರಿ ಬರೆದೆ. ಕಥೆ ಇಷ್ಟೆ. ನೇಕಾರರ ಮನೆಯ ಸೊಸೆ ಸಾಯುತ್ತಾಳೆ. ಆಕೆ ದುಡಿಯುತ್ತಿದ್ದ ಮಗ್ಗದ ಶೆಡ್ಡಿಗೆ ಬೀಗ ಬೀಳುತ್ತದೆ, ಕರೆಂಟೂ ತೆಗೆಸುತ್ತಾರೆ. ಆದರೂ ಒಳಗೆ ಮಗ್ಗ ನಡೆಯುತ್ತದೆ. ಬೆಳಗಾದರೆ ಗೇಣುದ್ದ ಸೀರೆ ಹೆಚ್ಚು ನೆಯ್ದಿರುತ್ತದೆ. ಮನೆಯವರು ದೂರದಿಂದ ಮಂತ್ರವಾದಿಯನ್ನು ಕರೆಸುತ್ತಾರೆ. ತಲೆಬುರುಡೆ, ನಿಂಬೆಹಣ್ಣು, ಹೊಗೆ. ಕೊನೆಗೆ ಮಗ್ಗಕ್ಕೆ ಬೆಂಕಿ ಇಡುತ್ತಾರೆ. ಆ ಬೆಂಕಿಯಲ್ಲಿ ದೆವ್ವ ಚೀರುವುದಕ್ಕೇ ಒಂದಿಡೀ ಅಧ್ಯಾಯ ಕೊಟ್ಟಿದ್ದೆ.

ಪುಸ್ತಕ ಬಂತು. ಓದುಗರ ಅಭಿಪ್ರಾಯಗಳು ಬಂದವು. ದೇವರೇ, ಎಂಥೆಂಥ ಅಭಿಪ್ರಾಯ!

'ಮೈ ಜುಮ್ಮೆಂದಿತು' ಎಂದು ಒಬ್ಬರು ಬರೆದರೆ, ಅದರ ಕೆಳಗೆ ಹತ್ತಾರು ಜನರ ಮೈ ಅದೇ ಪದದಲ್ಲಿ ಜುಮ್ಮೆನ್ನುತ್ತಿತ್ತು. ಒಬ್ಬಾತ ಒಂದೇ ನಕ್ಷತ್ರ ಕೊಟ್ಟ. ಕಾರಣ, ಪಾರ್ಸೆಲ್ ತಡವಾಗಿ ಬಂತಂತೆ. ಇನ್ನೊಬ್ಬಾಕೆ ಐದೂ ನಕ್ಷತ್ರ ಕೊಟ್ಟು 'ಮುಖಪುಟ ಚೆಂದ ಇದೆ, ಓದಿ ತಿಳಿಸುತ್ತೇನೆ' ಎಂದು ಬರೆದಳು. ಇವತ್ತಿಗೂ ತಿಳಿಸಿಲ್ಲ. ವಿಚಾರವಂತರೊಬ್ಬರು, ಕಲಿತ ಹೆಣ್ಣುಮಗಳು ಮೌಢ್ಯ ಹರಡಬಾರದು ಎಂದು ನನಗೆ ಬುದ್ಧಿ ಹೇಳಿದರು. ಅವರ ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಜಮಖಂಡಿಯಲ್ಲಿ ನನಗೆ ಶಾಲು ಹೊದಿಸಿದ ಸಭೆಯಲ್ಲಿ ಒಬ್ಬರು ಭಯಾನಕ ರಸದ ಬಗ್ಗೆ ಮಾತಾಡಿದರು. ಪುಸ್ತಕ ಅವರ ಕೈಯಲ್ಲೇ ಇತ್ತು. ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ. ಬಿಚ್ಚದ ಪುಸ್ತಕದೊಳಗಿನ ಭಯವನ್ನು ಅಷ್ಟು ಹೊತ್ತು ವಿವರಿಸುವುದೂ ಒಂದು ವಿದ್ಯೆಯೇ ಇರಬೇಕು, ನನ್ನ ಬಿ.ಎ.ದಲ್ಲಿ ಅದನ್ನು ಕಲಿಸಿರಲಿಲ್ಲ.

ಪೂರ್ತಿ ಓದಿದ್ದು ಖಾತ್ರಿ ಅನಿಸಿದ್ದು ಬನಹಟ್ಟಿಯ ಮಗ್ಗದ ಮಾಲೀಕರೊಬ್ಬರು. ಫೋನ್ ಮಾಡಿದ್ದರು.

"ಮೇಡಮ್ಮಾರ, ಒಂದ ಡೌಟ್ ರಿ. ಕರೆಂಟ್ ತಗದ ಶೆಡ್ಡಿನ್ಯಾಗ ಮಗ್ಗ ಹೆಂಗ ನಡೀತೈತ್ರಿ?"

"ದೆವ್ವ ನಡಸತೈತ್ರಿ."

"ಬಿಲ್ ಇಲ್ದನ? ಅಂಥಾದೊಂದು ನಮ್ಮ ಶೆಡ್ಡಿಗೂ ಇದ್ರ ಕಳಸಿಕೊಡ್ರಿ ಮತ್ತ."

ಮನೆಯಲ್ಲಿ ಬೇರೆ ರಾಮಾಯಣ. ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ನಾನು ಹುಟ್ಟುವ ಮುಂಚೆಯೇ ಮುತ್ತೈದೆಯಾಗಿ ತೀರಿಕೊಂಡವಳು. ಅಪ್ಪನ ಅಕ್ಕ, ನಮ್ಮ ಅತ್ತೆ, ಓದು ಬಾರದವಳು. ಅವಳ ಮಗ ಪುಸ್ತಕದ ಬೆನ್ನಿನ ನಾಲ್ಕು ಸಾಲು ಓದಿ ಹೇಳಿದ್ದೇ ತಡ, ಬಂದು ಹೊಸ್ತಿಲಲ್ಲೇ ನಿಂತಳು. "ಸತ್ತಾಕಿನ್ನ ದೆವ್ವ ಮಾಡಿ ಮಾರಾಕತ್ತೀಯಲ್ಲ ಬೇ, ಇದಕ್ಕ ಕಲಿಸಿದ್ರೇನ ನಿನ್ನ?" ಕಾದಂಬರಿಯೆಂದರೆ ಕಲ್ಪನೆ ಎಂದು ಬಿಡಿಸಿ ಹೇಳಿದೆ. "ನಿನ್ನ ಕಲ್ಪನಾಕ್ಕ ನಮ್ಮ ಮನೀನ ಬೇಕಾಗಿತ್ತೇನ?" ಎಂದಳು.

ಇವರೆಲ್ಲರ ಅಭಿಪ್ರಾಯ ನನಗೆ ಬೇಕಿರಲಿಲ್ಲ. ಬೇಕಾದದ್ದು ಒಬ್ಬರದೇ. ಮೊದಲ ಪ್ರತಿಯನ್ನು ಅಕ್ಕೋರ ಕೈಗೇ ಕೊಟ್ಟು ಬಂದಿದ್ದೆ. ಆಗಲೇ ನಿವೃತ್ತರಾಗಿ ಬಹಳ ವರ್ಷವಾಗಿತ್ತು, ತಮ್ಮನ ಮಗಳ ಮನೆಯಲ್ಲಿದ್ದರು. ಎದೆಯ ಬೇನೆ ಹತ್ತಿತ್ತು, ನಾಲ್ಕು ಮಾತಾಡಿದರೆ ಉಸಿರು ಹಿಡಿಯುತ್ತಿತ್ತು. ಬೇಸಿಗೆ ಹೋಗಿ ಮಳೆ ಬಂದರೂ ಅವರಿಂದ ಮಾತಿಲ್ಲ. ಅಷ್ಟರಲ್ಲಿ ಪ್ರಕಾಶಕರು ಎರಡನೆಯ ಮುದ್ರಣದ ಸುದ್ದಿ ಹೇಳಿದರು. "ಬೆಂಕಿ ಚಾಪ್ಟರ್ ಮಂದೀಗೆ ಭಾಳ ಹಿಡಿಸೇತ್ರಿ. ಇನ್ನಷ್ಟ ಜೋರ ಮಾಡ್ರಿ," ಎಂದರು. ಒಪ್ಪಿಕೊಳ್ಳುವ ಮುಂಚೆ ಅಕ್ಕೋರನ್ನು ಕೇಳಬೇಕೆನಿಸಿತು. ಹೋದೆ.

ಮಧ್ಯಾಹ್ನ. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದರು. ಪುಸ್ತಕ ಪಕ್ಕದಲ್ಲೇ ಇತ್ತು.

"ಮಂತ್ರವಾದಿ ಬರೂತನಕ ಛಲೋ ಐತಿ," ಎಂದರು. "ಆಮ್ಯಾಲ ಟೀವಿ ಹಚ್ಚೀದಿ."

"ಅದ ಭಾಗ ಎಲ್ಲಾರಿಗೂ ಸೇರೇತ್ರಿ ಅಕ್ಕೋರ. ಭಾಳ ಅಂಜಿಕಿ ಬಂತು ಅಂತ ಬರದಾರ."

"ಬರದಾರಲ್ಲ? ಹಂಗಾದ್ರ ಅಂಜಿಲ್ಲ ಬಿಡು. ಖರೇ ಅಂಜಿದವರು ಬರಿಯೂದಿಲ್ಲ ಬೇ. ಸುಮ್ಮ ಕುಂತಿರತಾರ."

ನನಗೆ ಸಿಟ್ಟು ಬಂತು. ಇಷ್ಟು ವರ್ಷದ ಮೇಲೂ ನನ್ನನ್ನು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ನಿಲ್ಲಿಸಬೇಕೆ? "ದೆವ್ವದ ಕಥಿ ಅಂದಮ್ಯಾಲ ಹಂಗ ಇರತೈತ್ರಿ," ಅಂದೆ. ಅವರು ಬಳ್ಳೊಳ್ಳಿ ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ಸತ್ತಾಕಿ ಯಾರು? ಆ ಮನಿ ಸೊಸಿ. ತನ್ನ ಮಗ್ಗದ ಮುಂದ ಬಂದು ಕುಂತಾಳ. ಮನ್ಯಾಗ ಅತ್ತಿ ಅದಾಳ, ಗಂಡ ಅದಾನ. ಒಬ್ಬರರೆ 'ಯಾಕ ಬಂದೀ ಬೇ, ಏನ ಬೇಕು ನಿನಗ' ಅಂತ ಕೇಳ್ಯಾರೇನು? ಹೊರಗಿನಾಂವನ್ನ ಕರಸಿ ಸುಡಸ್ತಾರ! ಮಾನಮಿ ಅಮಾಸಿಗೆ ನಿಮ್ಮವ್ವ ಏನ ಮಾಡತಾಳ ಹೇಳು."

ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಮಹಾನವಮಿಯ ಅಮಾವಾಸ್ಯೆ ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ. ವರ್ಷವಿಡೀ ಊರವರ ಸೀರೆ ನೆಯ್ದರೂ ಆ ದಿನಕ್ಕೆ ಒಂದು ಹೊಸ ಸೀರೆಯನ್ನು ದೊಡ್ಡವ್ವನ ಹೆಸರಿಗೆ ತೆಗೆದಿಟ್ಟಿರುತ್ತಿದ್ದರು. ಅವ್ವ ಅದನ್ನು ದೇವರ ಜಗಲಿಯ ಮುಂದೆ ಮಡಚಿಟ್ಟು, ಮೇಲೆ ಕುಬಸದ ಬಟ್ಟೆ, ಬಳೆ ಇಟ್ಟು, ಪಕ್ಕದ ಮನೆಯವಳೊಡನೆ ಮಾತಾಡಿದಂತೆ ಮಾತಾಡುತ್ತಿದ್ದಳು. "ಹೋದ ವರ್ಷ ಅಂಚು ಸಣ್ಣದಾತಂತ ಸಿಟ್ಟಾಗಬ್ಯಾಡ ಯಕ್ಕಾ. ಈ ಸಲ ದೊಡ್ಡದ ತಗಸೇನಿ. ಮತ್ತೇನರೆ ಬೇಕಾದ್ರ ಕನಸಿನ್ಯಾಗ ಬಂದ ಹೇಳು. ಹುಡುಗರನ್ನ ಅಂಜಸಬ್ಯಾಡ." ಕಾಲೇಜು ಸೇರಿದ ಮೇಲೆ ನಾನು ಆ ಹೊತ್ತಿಗೆ ಪಡಸಾಲೆ ಬಿಟ್ಟು ಹೊರಗೆ ನಿಲ್ಲುತ್ತಿದ್ದೆ.

"ಇಷ್ಟೆಲ್ಲಾ ಮನ್ಯಾಗ ಇಟಗೊಂಡು," ಅಕ್ಕೋರ ಉಸಿರು ಹಿಡಿಯಿತು, ತಡೆದು ಮುಂದುವರಿಸಿದರು, "ಡಿಗ್ರಿ ಬಂತಂದ್ರ ದೆವ್ವಾನೂ ಪ್ಯಾಟ್ಯಾಗಿಂದ ತರಬೇಕೇನು?"

ಆಮೇಲೆ ಪುಸ್ತಕ ತೆರೆದು ನನ್ನೆದುರೇ ಉಗುರು ಎಳೆದರು. ಮಂತ್ರವಾದಿ ಬಸ್ಸಿಳಿಯುವ ಸಾಲಿನ ಕೆಳಗೆ.

ಬಸ್ಸಿನಲ್ಲಿ ಮುಧೋಳದವರೆಗೂ ಅವರನ್ನು ಮನಸ್ಸಿನಲ್ಲೇ ಬಯ್ದೆ. ಅವರು ಹೇಳಿದ್ದೆಲ್ಲ ಸರಿ ಎಂದು ನಾನು ಇಂದಿಗೂ ಒಪ್ಪುವುದಿಲ್ಲ. ಆ ಬೆಂಕಿಯ ಅಧ್ಯಾಯದಲ್ಲಿ ನಾಲ್ಕಾರು ಒಳ್ಳೆಯ ವಾಕ್ಯಗಳಿದ್ದವು. ಆದರೆ ಪ್ರಕಾಶಕರಿಗೆ ಫೋನ್ ಮಾಡಿ, ಬೆಂಕಿ ಜೋರಾಗುವುದಿಲ್ಲ, ಆರುತ್ತದೆ ಎಂದೆ.

"ಮಂದಿ ಬೈತಾರ್ರಿ ಮೇಡಂ."

"ಬೈಲಿ. ಬೈಯಾಕರೆ ಒಮ್ಮಿ ಓದ್ತಾರ."

ಹೊಸ ಕೊನೆ ಬರೆಯಲು ಮಳೆಗಾಲ ಪೂರ್ತಿ ಹಿಡಿಯಿತು. ಅಷ್ಟರಲ್ಲಿ ಅಕ್ಕೋರು ಹಾಸಿಗೆ ಹಿಡಿದಿದ್ದರು. ಓದಲು ಕಣ್ಣು ಕೂಡುತ್ತಿರಲಿಲ್ಲ. "ನೀನ ಓದು, ನಾ ಕೇಳತೇನಿ. ಬಡಾನ ಓದು, ನನ್ನ ಕಡೆ ಟೈಮ್ ಇಲ್ಲ," ಎಂದರು. ಗೋಡೆಗೆ ಒರಗಿ ಕೂತರು. ಕೈ ಹಾಸಿಗೆಯ ಮೇಲಿತ್ತು, ಆ ಹೆಬ್ಬೆರಳು ನನ್ನ ಕಡೆಗೆ. ಹೊರಗೆ ಬಿರುಬಿಸಿಲು. ಓಣಿಯ ಮಗ್ಗಗಳು ಒಂದೇ ಸವನೆ ಬಡಿಯುತ್ತಿದ್ದವು.

ಓದಿದೆ. ಮಂತ್ರವಾದಿ ಇಲ್ಲ. ಬುರುಡೆ ಇಲ್ಲ. ಸತ್ತವಳ ಅತ್ತೆ ಒಬ್ಬಳೇ ಶೆಡ್ಡಿನ ಬೀಗ ತೆಗೆಯುತ್ತಾಳೆ, ಕೈಯಲ್ಲಿ ಮಡಚಿದ ಹೊಸ ಸೀರೆ. ಮಗ್ಗ ನಿಲ್ಲುತ್ತದೆ. ಅತ್ತೆ ಕೇಳುತ್ತಾಳೆ, "ಯಾಕ ಬಂದೀ ಬೇ? ಏನ ಬೇಕು?" ಅದಕ್ಕೆ ಸೊಸೆಯ ಉತ್ತರವನ್ನು ನಾನು ಉದ್ದಕ್ಕೆ ಬರೆದಿದ್ದೆ. ಬದುಕಿದ್ದಾಗ ಪಟ್ಟ ಪಾಡೆಲ್ಲ ಅದರಲ್ಲಿತ್ತು. ಅದನ್ನು ಓದತೊಡಗಿದೆ.

ಹೆಬ್ಬೆರಳು ಮೇಲೆದ್ದಿತು.

"ನಿಲ್ಲಸು. ಕೇಳಿದ್ರ ಆತು. ಆಕಿ ಹೇಳಬೇಕಂತೇನಿಲ್ಲ. ಎದ್ದ ಬಾಗಲದ ಕಡೆ ತಿರಗಲಿ, ಅಷ್ಟ ಸಾಕು. ಬೀಗ ತಗದಲ್ಲಿಂದ ಓದು."

ಮತ್ತೆ ಓದಿದೆ. ಬೀಗ ತೆಗೆದದ್ದು. ಸೀರೆ. ಮಗ್ಗ ನಿಂತದ್ದು. ಯಾಕ ಬಂದೀ ಬೇ. ಮಗ್ಗದ ಮುಂದೆ ಕೂತಿದ್ದವಳು ಎದ್ದಳು. ಬಾಗಿಲ ಕಡೆ ತಿರುಗಿದಳು.

ಹಾಳೆ ಕೆಳಗಿಟ್ಟು ಅವರ ಮುಖ ನೋಡಿದೆ. ಬಯ್ಗುಳ ಕಾಯುತ್ತಿದ್ದೆ. ಅಕ್ಕೋರ ಕಣ್ಣು ಕೋಣೆಯ ಬಾಗಿಲ ಮೇಲಿತ್ತು. ಅಷ್ಟು ಸೆಕೆಯಲ್ಲೂ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಹಿಡಿದಿದ್ದರು. ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಆ ಬಾಗಲಾ ಮುಂದ ಮಾಡಿ ಹೋಗು," ಎಂದರು.

ಜಮಖಂಡಿಯ ಶಾಲು ಹೊದ್ದಾಗ ಆಗದ ಹಿಗ್ಗು ಆ ದಿನ ಬಾಗಿಲು ಎಳೆದು ಮುಚ್ಚುವಾಗ ನನಗಾಯಿತು.

ಪುಸ್ತಕ ಮುದ್ರಣದಲ್ಲಿರುವಾಗಲೇ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೋದರೆಂದು ತಮ್ಮನ ಮಗಳು ಹೇಳಿದಳು. ಎರಡನೆಯ ಮುದ್ರಣ ಬಂತು, ನಕ್ಷತ್ರಗಳು ಉದುರಿದವು. 'ಮೊದಲಿನದೇ ಚೆನ್ನಾಗಿತ್ತು.' 'ದೆವ್ವ ಏನೂ ಮಾಡುವುದೇ ಇಲ್ಲ, ಮೋಸ.' 'ಸೀರೆ ಕೊಟ್ಟರೆ ದೆವ್ವ ಹೋಗುತ್ತದೆಯೇ, ಲೇಖಕಿಗೆ ದೆವ್ವದ ಬಗ್ಗೆ ಅಧ್ಯಯನ ಸಾಲದು.' ಸಭೆಯ ಆ ಭಾಷಣಕಾರರು ಮಾತ್ರ ಎರಡನೆಯ ಮುದ್ರಣದ ಬಗ್ಗೆಯೂ ಹಳೆಯ ಮಾತನ್ನೇ ಆಡಿದರಂತೆ. ಬೆಂಕಿಯ ದೃಶ್ಯ ಇನ್ನಷ್ಟು ಭಯಾನಕವಾಗಿದೆಯಂತೆ! ನನಗೆ ಬೇಜಾರಾಗಲಿಲ್ಲ. ಆ ಕೊನೆಯ ಬಗ್ಗೆ ಬರಬೇಕಾದ ಅಭಿಪ್ರಾಯ ನನಗೆ ಆಗಲೇ ಬಂದು ಮುಟ್ಟಿತ್ತು.

ಮುಂದಿನ ಮಹಾನವಮಿಯ ಅಮಾವಾಸ್ಯೆಗೆ ಅವ್ವ ಜಗಲಿಯ ಮುಂದೆ ದೊಡ್ಡವ್ವನ ಸೀರೆಯ ಪಕ್ಕ ಇನ್ನೊಂದಿಟ್ಟಳು. ಬೂದು ಮೈಯ ಸಾದಾ ಸೀರೆ, ಅಕ್ಕೋರು ಶಾಲೆಗೆ ಉಡುತ್ತಿದ್ದಂಥದು. ಅತ್ತೆ ಬಿಡುತ್ತಾಳೆಯೆ?

"ಆಕಿ ನಮ್ಮ ಮನಿತನದಾಕಿ ಅಲ್ಲ, ಮುತ್ತೈದಿನೂ ಅಲ್ಲ. ಯಾವ ಲೆಕ್ಕದಾಗ ಇಡತಿ?"

"ನನ್ನ ಮಗಳನ್ನ ಕಂಡಕಿ ಮುಂದಿಂದ ಎಬ್ಬಿಸಿದ ಲೆಕ್ಕದಾಗ," ಎಂದಳು ಅವ್ವ. ನನ್ನ ಕಡೆ ತಿರುಗಿದಳು. "ಹೊರಗ್ಯಾಕ ನಿಂತೀ ಬೇ? ಬಾ. ನಿಮ್ಮ ಅಕ್ಕೋರನ್ನ ನೀನ ಕೇಳು."

ಒಳಗೆ ಹೋಗಿ ಕೂತೆ. ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು. ತಿರುಗಿ ನೋಡಲಿಲ್ಲ. ಅವ್ವ ಮೊಣಕೈಯಿಂದ ತಿವಿದಳು.

"ಏನ್ ಬೇಕ್ರೀ ಅಕ್ಕೋರ?" ಎಂದು ಕೇಳಿದೆ.

ಓಣಿಯ ಮಗ್ಗಗಳು ಹಬ್ಬಕ್ಕೆ ನಿಂತಿದ್ದವು. ಅವ್ವ, ಅತ್ತೆ, ನಾನು, ಮೂವರೂ ಸುಮ್ಮನೆ ಕೂತಿದ್ದೆವು.