ಐಸಿನ ಮೀನಿಗೆ ನೀರು ಕಾಣಿಸಿದ ದುರುಗಕ್ಕ

ಶನಿವಾರ, ಬೆಳಗಿನ ಆರು ಗಂಟೆ. ಬಳ್ಳಾರಿ ಕಡೆಯ ರೈಲು ರಾಯದುರ್ಗದ ಸ್ಟೇಷನ್ನಿನಲ್ಲಿ ಬಿದಿರಿನ ಬುಟ್ಟಿಯೊಂದನ್ನು ಇಳಿಸಿ ಇನ್ನೂ ಅರ್ಧ ತಾಸಾಗಿಲ್ಲ. ಸ್ಟೇಷನ್ನಿನ ಎದುರಿಗಿರುವ ದೊಡ್ಡ ಹೋಟೆಲಿನ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ಕೂತು ದುರುಗಕ್ಕ ಆ ಬುಟ್ಟಿಯ ಬಾಯಿಯ ಹೊಲಿಗೆ ಬಿಚ್ಚುತ್ತಿದ್ದಾಳೆ. ಮೇಲೆ ಗೋಣಿತಾಟು, ಅದರ ಕೆಳಗೆ ಭತ್ತದ ಹೊಟ್ಟು, ಹೊಟ್ಟಿನ ಕೆಳಗೆ ಐಸಿನ ಚೂರು, ಅದರೊಳಗೆ ಮದರಾಸಿನ ಸಮುದ್ರದ ಮೀನು. ಕೈ ಹಾಕಿ ಒಂದನ್ನು ಎಳೆಯುತ್ತಾಳೆ, ಕೂಡಲೇ ಗೋಣಿತಾಟು ಮುಚ್ಚುತ್ತಾಳೆ.

ಎಳೆದ ಮೀನಿನ ಕಿವಿರು ಎತ್ತಿ ನೋಡುತ್ತಾಳೆ. ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾಳೆ. ಒತ್ತಿದ ಗುಳಿ ತಟ್ಟನೆ ಮೇಲಕ್ಕೆ ಬಂದರೆ ಸರಿ, ಬರದಿದ್ದರೆ ಆ ಮೀನು ಬದಿಗೆ. ಆಮೇಲೆ ಬಾಲದಿಂದ ತಲೆಯ ಕಡೆಗೆ ಕತ್ತಿ ಓಡುತ್ತದೆ, ಹುರುಪೆ ಹಾರಿ ಅವಳ ಮೊಣಕೈಗೆ ಅಂಟುತ್ತದೆ. ಒಂದು ಮೀನಿಗೆ ನಾನು ಗಡಿಯಾರ ಹಿಡಿದು ನೋಡಿದೆ: ನಾಲ್ಕು ನಿಮಿಷ. ಬುಟ್ಟಿಯಲ್ಲಿ ಮೂವತ್ತೆರಡು ಮೀನುಗಳಿವೆ.

"ಐಸು ಮುಟ್ಟಿದ್ರ ಬೆರಳಿಗೆ ಜೀವ ಇರಂಗಿಲ್ರಿ" ಎನ್ನುತ್ತಾಳೆ. "ಮೂರು ಮೀನು ಆದ ಮ್ಯಾಲ ಕಂಕುಳಾಗ ಕೈ ಇಟ್ಕಂಡು ಕುಂದ್ರತೀನಿ. ಬಿಸಿ ಆತಂದ್ರ ಮತ್ತ ಮೂರು."

ವಯಸ್ಸೆಷ್ಟು ಎಂದು ಕೇಳಿದರೆ ದುರುಗಕ್ಕ ಲೆಕ್ಕ ಹೇಳುವುದಿಲ್ಲ. ಮೂವತ್ತು ವರ್ಷದ ಹಿಂದೆ ರಾಯದುರ್ಗಕ್ಕೆ ರೈಲು ಬಂದಾಗ ಅವಳ ಕಂಕುಳಲ್ಲಿ ಮಗಳಿದ್ದಳಂತೆ. ಆ ಲೆಕ್ಕದಲ್ಲಿ ಐವತ್ತು ದಾಟಿದೆ. ಬೆಸ್ತರ ಸೂರಪ್ಪನ ಮಗಳು. ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಕೆರೆ ನಂಬಿದವೇ. ಗಂಡ ತೀರಿಕೊಂಡು ಹನ್ನೊಂದು ವರ್ಷ. ವಾರದ ಐದು ದಿನ ಒಂದೂವರೆ ಮೈಲಿ ನಡೆದು ಕೆರೆಗೆ ಹೋಗಿ, ಅಣ್ಣತಮ್ಮಂದಿರು ಹಿಡಿದ ಕೊರಮೀನನ್ನು ನೀರು ತುಂಬಿದ ಗಡಿಗೆಯಲ್ಲಿಟ್ಟು, ತಲೆಯ ಮೇಲೆ ಹೊತ್ತು ತಂದು ಪೇಟೆಯಲ್ಲಿ ಮಾರುತ್ತಾಳೆ. ಕೊರಮೀನು ಗಟ್ಟಿ ಜೀವ. ಗಡಿಗೆಯ ನೀರು ಬದಲಾಯಿಸುತ್ತಾ ಹೋದರೆ ಎರಡು ಮೂರು ದಿನ ಅದರಲ್ಲೇ ಬದುಕಿರುತ್ತದೆ. ಕೊಳ್ಳುವವರು ಗಡಿಗೆಯೊಳಗೆ ಬೆರಳು ಅದ್ದುತ್ತಾರೆ, ಮೀನು ಬಾಲ ಬಡಿದರೆ ಮಾತ್ರ ವ್ಯಾಪಾರ.

"ಅಲ್ಲಾಡದ ಮೀನು ಮಾರಬಾರ್ದು, ಅದು ನಮ್ಮ ಮನಿ ರಿವಾಜ್ರಿ. ದಾರ್ಯಾಗ ಸತ್ತದ್ದು ಇದ್ರ ಅದಕ್ಕ ಮೊದ್ಲು ನೀರು ಕಾಣಿಸ್ಬೇಕು. ನೀರಾಗ ಇಟ್ಟು ಗಂಗಮ್ಮಗ ಕೈ ಮುಗಿದು, ಆಮ್ಯಾಲ ಮನಿಗಿ ಅಂತ ಕೊಯ್ಬೇಕು. ನೀರು ಕಾಣಿಸ್ದ ಕತ್ತಿ ಮುಟ್ಟಿಸಿದ್ರ ಕೆರಿ ಮುನಿಸ್ಕಂತತಿ."

ಈ ರಿವಾಜೇ ಒಬ್ಬ ಅಡುಗೆಯವನ ಅನ್ನ ಕಿತ್ತುಕೊಂಡಿತು. ಅದರಲ್ಲಿ ನನ್ನದೂ ಒಂದು ಕೈ ಇದೆ. ಆದ್ದರಿಂದ ಈ ಲೇಖನವನ್ನು ಬರೇ ಹೊಗಳಿಕೆಯಲ್ಲಿ ಮುಗಿಸುವ ಹಾಗಿಲ್ಲ.

ಕಂಟ್ರಾಕ್ಟರ್ ಯರ್ರಪ್ಪನವರು ಓಬಳಾಪುರದ ಕಡೆ ರಸ್ತೆ ಕೆಲಸ ಹಿಡಿದು ಮೇಲೆ ಬಂದವರು. ಯಾವುದೋ ಕೆಲಸಕ್ಕೆ ಮದರಾಸಿಗೆ ಹೋದವರು ಅಲ್ಲಿ ಸಮುದ್ರದ ದಂಡೆಯ ಹೋಟೆಲಿನಲ್ಲಿ ಕರಿದ ಮೀನು ತಿಂದು ಬಂದರು. ನಾಲಗೆಯ ಮೇಲಿನ ಆ ರುಚಿ ತಲೆಗೆ ಏರಿತು. 1936ರ ಉಗಾದಿಗೆ ನಮ್ಮ ಒಣನೆಲದಲ್ಲಿ ಸಮುದ್ರದ ಮೀನಿನ ಹೋಟೆಲು ಎದ್ದು ನಿಂತಿತು. ಬಿಳೀ ಬಟ್ಟೆ ಹಾಸಿದ ಆರು ಮೇಜು, ಗಾಜಿನ ಲೋಟ, ಮುಳ್ಳುಚಮಚ. ಶನಿವಾರ ಸಂಜೆ ಮಾತ್ರ ಊಟ. ಬಳ್ಳಾರಿಯಿಂದ ಇಂಜಿನಿಯರುಗಳು, ವಕೀಲರು, ಒಬ್ಬಿಬ್ಬರು ಬಿಳಿಯ ದೊರೆಗಳು ಕೂಡ ಬರುತ್ತಿದ್ದರು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದ ಪಾಲಯ್ಯನನ್ನು ಕರೆತಂದು ಒಲೆಯ ಮುಂದೆ ನಿಲ್ಲಿಸಿದರು. ಮೀನು ತೊಳೆದು ಕೊಯ್ಯಲು, ಊರಿಗೇ ಗೊತ್ತಿರುವ ಕೈ ಎಂದು ದುರುಗಕ್ಕನನ್ನು ಕರೆದರು.

ಎಲ್ಲ ಸರಿಯಿತ್ತು, ಊಟ ಒಂದನ್ನು ಬಿಟ್ಟು.

ತಟ್ಟೆ ನೋಡಿದರೆ ಕಣ್ಣಿಗೆ ಹಬ್ಬ. ಹೊರಗೆ ಹೊಂಬಣ್ಣ, ಪಕ್ಕದಲ್ಲಿ ನಿಂಬೆಹೋಳು. ಬಾಯಿಗಿಟ್ಟರೆ ನೆನೆಸಿದ ಅವಲಕ್ಕಿ. ಉಪ್ಪು ಮೇಲೆ ನಿಂತಿದೆ, ಒಳಗೆ ಸಪ್ಪೆ. ಮುಳ್ಳುಚಮಚ ತಾಗಿದರೆ ಮೀನು ಚೂರು ಚೂರು. ಮೊದಲ ವಾರ ಜನ ಮರ್ಯಾದೆಗೆ ಸುಮ್ಮನಿದ್ದರು. ಎರಡನೆಯ ವಾರ ಅರ್ಧ ತಟ್ಟೆ ಹಿಂದಕ್ಕೆ ಬಂತು. ನಾಲ್ಕನೆಯ ವಾರ ದೊರೆಯೊಬ್ಬರು ಮೀನನ್ನು ಸರಿಸಿ ಬ್ರೆಡ್ಡು ತಿಂದು ಎದ್ದು ಹೋದರು. ಪಾಲಯ್ಯ ಮಸಾಲೆ ಬದಲಾಯಿಸಿದ, ಎಣ್ಣೆ ಬದಲಾಯಿಸಿದ, ಕಡೆಗೆ ಬಾಣಲೆಯನ್ನೇ ಬದಲಾಯಿಸಿದ. ಏನು ಮಾಡಿದರೂ ಅದೇ ಅವಲಕ್ಕಿ.

ನಾನೂ ಒಂದು ಶನಿವಾರ ಹೋಗಿ ತಿಂದವನೇ. ಹಿಂತಿರುಗಿ ಬಂದು ಇದೇ ಪತ್ರಿಕೆಯ ಪುರವಣಿಯಲ್ಲಿ ನಾಲ್ಕು ಸಾಲು ಗೀಚಿದೆ. 'ಮದರಾಸಿನಿಂದ ಇಲ್ಲಿಯ ತನಕ ಮೀನು ಕೆಡದೆ ಬರುತ್ತದೆ, ಕೆಡುವುದು ಒಲೆಯಿಂದ ಮೇಜಿಗೆ ಬರುವ ಹತ್ತು ಹೆಜ್ಜೆಯಲ್ಲಿ. ಪಾಲಯ್ಯನ ಕೈಗುಣಕ್ಕೆ ನಮೋ ನಮಃ' ಎಂದು. ಬರೆಯುವವನಿಗೆ ಬಾಯಿ ಚಪಲ ಜಾಸ್ತಿ. ಬಳ್ಳಾರಿಯ ಕ್ಲಬ್ಬಿನಲ್ಲಿ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕರು ಎಂದು ಕೇಳಿ ಆ ವಾರವೆಲ್ಲ ಬೀಗಿದೆ. ಅದಾದ ಹದಿನೈದು ದಿನಕ್ಕೆ ಯರ್ರಪ್ಪನವರು ಪಾಲಯ್ಯನನ್ನು ಕೆಲಸದಿಂದ ಬಿಡಿಸಿದರು. ಬಳ್ಳಾರಿಯಲ್ಲಿ ಯಾರೂ ಅವನನ್ನು ಒಳಗೆ ಸೇರಿಸಲಿಲ್ಲ.

ಆಗ ಹಿತ್ತಲಲ್ಲಿ ನಡೆಯುತ್ತಿದ್ದದ್ದು ಏನೆಂದು ದುರುಗಕ್ಕನ ಬಾಯಿಂದಲೇ ಕೇಳಬೇಕು.

"ಮೊದಲ್ನೇ ದಿನ ಬುಟ್ಟಿ ಬಿಚ್ಚಿದೆ. ಮೂವತ್ತು ಮೀನು, ಒಂದೂ ಅಲ್ಲಾಡವಲ್ದು. ಎಲ್ಲಿ ಮದರಾಸು, ಎಲ್ಲಿ ರಾಯದುರ್ಗ! ಎರಡು ದಿನ ನೀರಿಲ್ದ ಬಂದಾವು, ಒಂದು ಗಳಿಗಿ ನೀರು ಕಾಣಿಸಿದ್ರ ಸಾಲಂಗಿಲ್ಲ ಅಂದ್ಕಂಡೆ. ಐಸೆಲ್ಲಾ ತೆಗೆದ್ಹಾಕಿ, ಎಂಟು ದೊಡ್ಡ ಗಡಿಗಿ ತರ್ಸಿ, ಬಾವಿ ನೀರು ತುಂಬಿ ಅದ್ರಾಗ ಬಿಟ್ಟೆ. ಬೆಳಗಿಂದ ಸಂಜಿ ತನಕ ತಾಸಿಗೊಮ್ಮೆ ನೀರು ಬದಲಿ ಮಾಡ್ತಿದ್ನಿ. ಬಾವಿಯಿಂದ ದಿನಕ್ಕ ಅರವತ್ತು ಕೊಡ ಸೇದೇನ್ರಿ. ಅಷ್ಟು ಅಕ್ಕರಿಲೆ ಕೆಡಿಸಿದ್ನಿ."

ಸತ್ತ ಮೀನು ಹನ್ನೆರಡು ತಾಸು ನೀರಲ್ಲಿ ನೆನೆದರೆ ಅದರಲ್ಲಿ ಏನು ಉಳಿದೀತು? ಸಮುದ್ರದ ರುಚಿಯೆಲ್ಲ ಬಾವಿಯ ನೀರಿಗೆ ಹೋಗಿ, ಆ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು. ಬಾಳೆ ಮಾತ್ರ ಆ ವರ್ಷ ಭರ್ಜರಿಯಾಗಿ ಬೆಳೆಯಿತು. ಪಾಲಯ್ಯನ ಕೈಗೆ ಬರುತ್ತಿದ್ದದ್ದು ಸಂಜೆ ಕೊಯ್ದ ತುಂಡುಗಳು. ಒಮ್ಮೆ ಅವನು ಹಿತ್ತಲಿಗೆ ಬಂದು, ಮೀನು ಯಾಕಕ್ಕ ಇಷ್ಟು ಮೆತ್ತಗೈತಿ ಎಂದು ಕೇಳಿದ್ದನಂತೆ. "ನಾನ ಬಾಯಿ ಮುಚ್ಚಿಸಿದ್ನಿ. ಬೆಸ್ತರ ಮಗಳಿಗೆ ಮೀನಿಂದು ಹೇಳಾಕ ಬರ್ತಿಯೇನೋ ಅಂದೆ. ಹೌದಕ್ಕ, ನಿನಗ ಗೊತ್ತಿರ್ತತಿ ಅಂತ ತಲಿ ತಗ್ಗಿಸ್ಕಂಡು ಹೋದ." ಇದನ್ನು ಹೇಳುವಾಗ ಅವಳ ಕತ್ತಿ ನಿಂತಿತು. ಅವತ್ತು ಆ ಬಡಪಾಯಿ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ನನಗೂ ಅನ್ನಿಸಿತು.

ಪಾಲಯ್ಯ ಹೋಗಿ, ಗುಂತಕಲ್ಲಿನಿಂದ ಹೊಸ ಅಡುಗೆಯವನು ಬಂದ. ಊಟ ಮಾತ್ರ ಅದೇ ಸಪ್ಪೆ. ಒಂದು ಶನಿವಾರ ಗುಂತಕಲ್ಲಿನ ಆಚೆ ಎಲ್ಲೋ ಮಳೆಗೆ ಹಳಿ ಕುಸಿದು ರೈಲು ತಡವಾಯಿತು. ಬುಟ್ಟಿ ಬಂದಾಗ ದೀಪ ಹಚ್ಚುವ ಹೊತ್ತು, ಜನ ಆಗಲೇ ಮೇಜಿಗೆ ಕೂತಿದ್ದಾರೆ. ಗಡಿಗೆಯಲ್ಲಿಡಲು ಹೊತ್ತೆಲ್ಲಿದೆ? ಗಂಗಮ್ಮನಿಗೆ ತಪ್ಪು ಕಾಣಿಕೆ ಹೇಳಿಕೊಂಡು, ಐಸಿನಿಂದ ತೆಗೆದದ್ದನ್ನು ಹಾಗೇ ಕೊಯ್ದು ಒಳಗೆ ಕಳಿಸಿದಳು. ಅಂದು ತಟ್ಟೆಗಳು ಹಿಂದಕ್ಕೆ ಬಂದಾಗ ಅವುಗಳಲ್ಲಿ ಮುಳ್ಳು ಮಾತ್ರ ಇದ್ದವು. ಎರಡನೆಯ ಸಲ ಕೇಳಿದವರೂ ಇದ್ದರಂತೆ.

"ಎಲ್ಲಾರೂ ಹೊಸ ಅಡಿಗಿಯವ್ನ ಬೆನ್ನು ತಟ್ಟಿದ್ರು. ನಾನು ಹಿತ್ತಲಾಗ ಖಾಲಿ ಗಡಿಗಿ ಮುಂದ ಕುಂತಿದ್ನಿ. ಗೊತ್ತಾಗಿಬಿಡ್ತು. ಪಾಲಯ್ಯನ ಹೊಟ್ಟಿಗಿ ಕಲ್ಲು ಹಾಕಿದ್ದು ನಾನ."

ಮರುದಿನ ಯರ್ರಪ್ಪನವರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೇ ಹೇಳಿದಳು. ಯರ್ರಪ್ಪನವರು ಅವಳನ್ನು ಬಿಡಿಸಲಿಲ್ಲ. ತಪ್ಪಿನಲ್ಲಿ ಅವರಿಗೂ ಪಾಲಿತ್ತು. ಬಂದ ದೊರೆಗಳನ್ನೆಲ್ಲ ಹಿತ್ತಲಿಗೆ ಕರೆದೊಯ್ದು, ಎಂಟು ಗಡಿಗೆಗಳ ಮುಚ್ಚಳ ತೆಗೆದು, 'ನೋಡಿ, ನಮ್ಮಲ್ಲಿ ಮೀನು ನೀರಿನಲ್ಲೇ ಇರುತ್ತದೆ' ಎಂದು ಎದೆಯುಬ್ಬಿಸಿ ತೋರಿಸುತ್ತಿದ್ದವರು ಅವರೇ. ಬಿಚ್ಚಿ ತೆಗೆದ ಐಸಿನಲ್ಲಿ ತಮ್ಮ ಸೋಡಾ ಬಾಟ್ಲಿಗಳನ್ನು ತಣ್ಣಗೆ ಮಾಡಿಕೊಳ್ಳುತ್ತಿದ್ದವರೂ ಅವರೇ. ಕಡೆಗೆ, "ಆಗಿದ್ದು ಆಗಿಹೋತು ದುರುಗಕ್ಕ. ಈ ಮಾತು ಹಿತ್ತಲ ಗ್ವಾಡಿ ದಾಟಬಾರ್ದು ನೋಡು" ಎಂದರಂತೆ. ಗಡಿಗೆಗಳು ಅಂದೇ ಮೂಲೆ ಸೇರಿದವು. ಊಟ ಸುಧಾರಿಸಿತು. ಹೋಟೆಲಿನ ಹೆಸರು ಹಾಕಬೇಡಿ ಎಂದು ಅವರು ನನ್ನನ್ನೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. ತಮ್ಮ ಹೆಸರಿನ ಬಗ್ಗೆ ಏನೂ ಹೇಳಲಿಲ್ಲ.

ದುರುಗಕ್ಕನಿಗೆ ಮಾತ್ರ ಆ ಗೋಡೆ ದೊಡ್ಡದಾಗಿ ಕಾಣಲಿಲ್ಲ. ಪಾಲಯ್ಯ ಮಡಕಶಿರದಲ್ಲಿದ್ದಾನೆ ಎಂದು ಗಾಡಿಯವರಿಂದ ತಿಳಿದು, ಜನ್ಮದಲ್ಲಿ ಮೊದಲ ಸಲ ಮೋಟಾರು ಬಸ್ಸು ಹತ್ತಿದಳು. ಮೂರು ಕಡೆ ಇಳಿದು ಹತ್ತಿ, ದಾರಿಯುದ್ದ ವಾಂತಿ ಮಾಡಿಕೊಂಡು, ಮರುದಿನ ಮಧ್ಯಾಹ್ನ ಮುಟ್ಟಿದಳು. ಸಂತೆಗೆ ಕಡಲೆಕಾಯಿ ಹೇರಿಕೊಂಡು ಬರುವ ಗಾಡಿಯವರಿಗೆ ಊಟ ಹಾಕುವ ನರಸಮ್ಮ ಎಂಬಾಕೆಯ ಮನೆಯಲ್ಲಿ ಪಾಲಯ್ಯ ರಾಗಿ ಮುದ್ದೆ ತಿರುವುತ್ತಿದ್ದ. ಇವಳು ಅಲ್ಲೇ, ಉಣ್ಣುವವರ ಮುಂದೆಯೇ, ತಪ್ಪು ನನ್ನದು ಎಂದಳು.

"ಅವ ನಕ್ಕ್ರಿ. ನನ್ನ ಸಮಾಧಾನಕ್ಕ ಅಷ್ಟು ದೂರದಿಂದ ಬಂದು ಸುಳ್ಳು ಹೇಳ್ತಿಯಲ್ಲಕ್ಕ ಅಂದ. ಆಣಿ ಮಾಡಿದೆ, ನಂಬ್ಲಿಲ್ಲ. ಟ್ರಂಕಿನಾಗಿಂದ ನೀವು ಬರೆದ ಪೇಪರು ತಗದು ತೋರ್ಸಿದ. ನೋಡು, ಅಚ್ಚಾಗೈತಿ, ನನ್ನ ಕೈಗುಣ ಅಂತ ಬರದೈತಿ, ಓದಿದವ್ರು ಸುಳ್ಳು ಬರೀತಾರೇನು ಅಂದ."

ಆಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ದುರುಗಕ್ಕ ನನ್ನನ್ನು ನೋಡಲಿಲ್ಲ. ಬುಟ್ಟಿಯಿಂದ ಇನ್ನೊಂದು ಮೀನು ಎಳೆದಳು.

ಮಡಕಶಿರದಿಂದ ಹೊರಡುವಾಗ ನರಸಮ್ಮ ಅವಳನ್ನು ಮೋಟಾರಿನ ತನಕ ಕಳಿಸಲು ಬಂದಳಂತೆ. ಆಕೆ ಹೇಳಿದ್ದನ್ನು ದುರುಗಕ್ಕ ಮಡಕಶಿರದ ಧಾಟಿಯಲ್ಲೇ ನನಗೆ ಒಪ್ಪಿಸಿದಳು: "ಒಳ್ಳೇ ಮನುಷ್ಯ ಕಣಕ್ಕ. ಮುದ್ದೆ ಬೆಣ್ಣೆ ಇದ್ದಂಗೆ ಮಾಡ್ತಾನೆ. ಸಾರಿಗೆ ಉಪ್ಪು ಮಾತ್ರ ಹಾಕಾಕಿಲ್ಲ. ನನ್ ಕೈ ಸರಿ ಇಲ್ಲ, ನೀನೇ ಹಾಕಮ್ಮ ಅಂತ ನನ್ನ ಕರೀತಾನೆ. ಬಂದಾಗಿಂದ್ಲೂ ಹಿಂಗೇಯ."

ಹದಿನೆಂಟು ವರ್ಷ ಒಲೆಯ ಮುಂದೆ ನಿಂತವನು ಸಾರಿಗೆ ಉಪ್ಪು ಹಾಕಲು ಹೆದರುತ್ತಾನೆ. ಇದನ್ನು ಕೇಳಿದ ಮೇಲೆ ದುರುಗಕ್ಕನಿಗೆ, ಪಾಲಯ್ಯನ ಹೆಸರಿಗೆ ಒಂದು ಕಾಗದ ಬರೆದುಕೊಡುತ್ತೇನೆ, ಟಪಾಲಿಗೆ ಹಾಕೋಣ ಎಂದೆ.

"ಕಾಗದ ಅವ್ನೊಬ್ನ ಓದ್ತಾನ್ರಿ. ಅವತ್ತು ನಕ್ಕವ್ರು ಬಳ್ಳಾರಿ ತನಕ ಇದ್ರಲ್ಲ, ಅವ್ರೂ ಓದ್ಲಿ. ನೀವು ನನ್ನ ಬಗ್ಗೆ ಬರೀತೀನಿ ಅಂತ ಬಂದಿದ್ದಕ್ಕ ಒಪ್ಕಂಡಿದ್ದು ಇದಕ್ಕರಿ. ಇಲ್ಲಾಂದ್ರ ಮೀನು ತೊಳಿಯಾಕಿ ಬಗ್ಗೆ ಬರಿಯಾಕ ಏನೈತಿ?"

"ಯರ್ರಪ್ಪನವರು ಸಿಟ್ಟಾದರೆ?"

"ಕೆರಿ ಎಲ್ಲೂ ಹೋಗಿಲ್ರಿ. ನನ್ನ ಹೆಸರು ಮುಚ್ಚಬ್ಯಾಡ್ರಿ. ನಮ್ಮಪ್ಪನ ಹೆಸರೂ ಹಾಕ್ರಿ. ಯಾರೋ ಒಬ್ಬಾಕಿ ಅಂತ ಬರೆದ್ರ ಅವ ನಂಬಂಗಿಲ್ಲ."

ಅವಳ ಕಣ್ಣೆದುರಿಗೇ, ಬೇವಿನ ಮರದ ಕೆಳಗೆ ಕೂತು ಬರೆದೆ: ರಾಯದುರ್ಗದ ಬೆಸ್ತರ ಸೂರಪ್ಪನ ಮಗಳು ದುರುಗಕ್ಕ ಹೇಳುತ್ತಾಳೆ. ಹೋಟೆಲು ತೆರೆದ ಮೊದಲ ನಾಲ್ಕು ತಿಂಗಳು ಮೀನು ಕೆಟ್ಟದ್ದು ಪಾಲಯ್ಯನ ಕೈಯಲ್ಲಲ್ಲ, ಅವಳ ಗಡಿಗೆಯಲ್ಲಿ. ವಿಚಾರಿಸದೆ ಬರೆದು ಊರನ್ನು ನಗಿಸಿದವನು ನಾನು. ಪಾಲಯ್ಯ, ತಪ್ಪಾಯಿತು.

ಬರೆದದ್ದನ್ನು ಓದಿ ಹೇಳಿದೆ. ಇನ್ನೊಂದು ಸಲ ಓದ್ರಿ ಎಂದಳು, ಓದಿದೆ. ಐಸಿನಿಂದ ಕೆಂಪಾದ ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತಳು.

"ಅಷ್ಟ ಸಾಕ್ರಿ" ಎಂದಳು. "ಇನ್ನ ಅವ ಉಪ್ಪು ಹಾಕ್ತಾನ."