ಸುಗಲಮ್ಮ ಹಿಂಡಿ ನೋಡಿದ ಕಸ

ಕಸ ಸುಟ್ಟು ಕರೆಂಟು ಮಾಡುವ ಆ ಕಾರ್ಖಾನೆಯಲ್ಲಿ ಹದಿನೆಂಟು ಜನ ಇಂಜಿನಿಯರುಗಳಿದ್ದರು, ಎರಡು ಭಾರಿ ಕ್ರೇನುಗಳಿದ್ದವು, ಗೋಡೆ ತುಂಬ ಕೆಂಪು ಹಸಿರು ದೀಪ ಮಿನುಗುವ ಪರದೆಗಳಿದ್ದವು. ಆದರೆ ಇವತ್ತು ಬಂದ ಕಸ ಉರಿಯುತ್ತದೋ ಬರೀ ಹೊಗೆಯಾಡುತ್ತದೋ ಎಂಬುದನ್ನು ಒಲೆಗೆ ಹಾಕುವ ಮುಂಚೆಯೇ ಹೇಳಬಲ್ಲವಳು ಒಬ್ಬಳೇ. ಅವಳು ಸುಗಲಮ್ಮ, ಕಸ ಆರಿಸುವ ಶೆಡ್ಡಿನ ಕೂಲಿಯಾಳು.

ಅವಳ ಪರೀಕ್ಷೆ ಸರಳವಾಗಿತ್ತು. ಕಸದ ಗುಡ್ಡೆ ಮೇಲೆ ಬಿಸಿಲಿಗೆ ಒಣಗಿರುತ್ತದೆ, ಹೊಟ್ಟೆಯಲ್ಲಿ ಹಸಿಯಾಗಿಯೇ ಇರುತ್ತದೆ. ಸುಗಲಮ್ಮ ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಹಿಂಡುತ್ತಿದ್ದಳು. ಬೆರಳ ಸಂದಿಯಿಂದ ನೀರು ಇಳಿದರೆ "ಇನ್ನ ನಾಕ್ ದಿನ ಆರ್ಲಿ ಬಿಡ್ರಿ" ಅನ್ನುತ್ತಿದ್ದಳು. ಇಳಿಯದಿದ್ದರೆ "ಹಾಕ್ರಿ" ಅನ್ನುತ್ತಿದ್ದಳು. ಪಾಳಿಯ ಮ್ಯಾನೇಜರ್ ದೀಪಕ ಮೂಗಿಗೆ ಕರ್ಚೀಫು ಹಿಡಿದು ಹತ್ತು ಮಾರು ದೂರ ನಿಂತು ಅದನ್ನೇ ಬರೆದುಕೊಳ್ಳುತ್ತಿದ್ದ. ಬೀದರದ ಹುಡುಗ, ಓದಿದವನು, ಒಂದು ದಿನವೂ ಕಸ ಮುಟ್ಟಿದವನಲ್ಲ.

ಈ ವಿದ್ಯೆ ಅವಳಿಗೆ ಕೋಠಿ ಪೇಟೆಯ ಬೀದಿಗಳಲ್ಲಿ ಬಂದದ್ದು. ಗುರುಮಠಕಲ್ ಕಡೆಯಿಂದ ಗಂಡ ಮಾಣಿಕಪ್ಪನ ಜೊತೆ ಗಡಿಯಾಚೆಯ ಮಹಾನಗರಕ್ಕೆ, ಲಿಂಗಂಪಲ್ಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದವಳು. ಮೂರನೇ ಮಹಡಿಯಿಂದ ಬಿದ್ದು ಮಾಣಿಕಪ್ಪನ ಸೊಂಟ ಮುರಿದ ಮೇಲೆ ಕೋಠಿಯಲ್ಲಿ ಅಂಗಡಿಯವರು ಎಸೆದ ರಟ್ಟು ಆಯತೊಡಗಿದಳು. ರಟ್ಟು ಆಯುವವರೆಲ್ಲ ತೂಕ ಹೆಚ್ಚಲೆಂದು ಕಟ್ಟಿನ ಒಳಗೆ ನೀರು ಚಿಮುಕಿಸಿ, ಮೇಲೊಂದು ಒಣ ರಟ್ಟು ಮುಚ್ಚಿ ಗುಜರಿ ಅಂಗಡಿಗೆ ಹಾಕುತ್ತಿದ್ದರು. ಸುಗಲಮ್ಮ ಆ ಕೆಲಸ ಮಾಡಲಿಲ್ಲ. ಬೇರೆಯವರ ಕಟ್ಟಿನೊಳಗೆ ಕೈ ಹಾಕಿ ನೋಡಲು ಗುಜರಿಯವನು ಅವಳನ್ನೇ ಕರೆಯುತ್ತಿದ್ದ. ಅವಳ ಬಾಯಿಂದ "ಒಣಾ ಐತಿ" ಅಂತ ಬಂದರೆ ಅವನು ಮರುಮಾತಾಡುತ್ತಿರಲಿಲ್ಲ. ಸ್ವಂತ ಮನೆ ಇಲ್ಲ, ಹೊಲ ಇಲ್ಲ, ಗಂಡ ಹಾಸಿಗೆ ಹಿಡಿದಿದ್ದಾನೆ. ಅವಳಿಗೆ ಹೆಮ್ಮೆ ಪಡಲು ಇದ್ದದ್ದು ಆ ಒಂದು ಮಾತು ಮಾತ್ರ.

ಮುಂದೆ ಅದೇ ನಗರದ ಕುಷಾಯಿಗೂಡದ ಆಚೆ, ಅವಳಿದ್ದ ಬಡವರ ಬಸ್ತಿಯ ಬೆನ್ನಿಗೇ ಈ ಕಾರ್ಖಾನೆ ಎದ್ದಿತು. ಪುರಸಭೆಯೊಂದು ಜಾಗ ಮತ್ತು ಕಸ ಕೊಡುವುದು, ಕಂಪನಿಯೊಂದು ಸುಟ್ಟು ಕರೆಂಟು ಕೊಡುವುದು, ಹೀಗೆ ಇಬ್ಬರ ಪಾಲುದಾರಿಕೆ. ಕಸದಿಂದ ಕಲ್ಲು, ಮಣ್ಣು, ಬಾಳೆದಿಂಡು, ಕೊಳೆತ ತರಕಾರಿ ಬೇರೆ ಮಾಡಲು ಬಸ್ತಿಯ ಮೂವತ್ತೆರಡು ಹೆಂಗಸರನ್ನು ತೆಗೆದುಕೊಂಡರು. ಸುಗಲಮ್ಮನೂ ಸೇರಿದಳು. ಏಳು ವರ್ಷ ದುಡಿದಳು.

ಕಾರ್ಖಾನೆಯ ಫಲಕದಲ್ಲಿ ಇಪ್ಪತ್ತು ಮೆಗಾವ್ಯಾಟ್ ಅಂತ ಬರೆದಿತ್ತು. ಬರುತ್ತಿದ್ದದ್ದು ಹನ್ನೊಂದು, ಮಳೆಗಾಲದಲ್ಲಿ ಎಂಟು. ನಿಮ್ಮ ಯಂತ್ರ ಸರಿಯಿಲ್ಲ ಎಂದು ಪುರಸಭೆ, ನಿಮ್ಮ ಕಸ ಸರಿಯಿಲ್ಲ ಎಂದು ಕಂಪನಿ, ಹೀಗೆ ವರ್ಷಗಟ್ಟಲೆ ಪತ್ರ ಓಡಾಡಿದವು. ಕೊನೆಗೆ ಪರೀಕ್ಷೆ ನಿಗದಿಯಾಯಿತು. ಊರಿಂದ ಬಂದ ಕಸವನ್ನು ಬಂದ ಹಾಗೇ ಮೂರು ದಿನ ಸುಡಬೇಕು, ಹದಿನೆಂಟಾದರೂ ಬರಬೇಕು. ಬರದಿದ್ದರೆ ಒಪ್ಪಂದ ರದ್ದು.

ದೀಪಕ ಆ ದಿನ ಕರ್ಚೀಫು ಜೇಬಿಗಿಟ್ಟುಕೊಂಡೇ ಶೆಡ್ಡಿಗೆ ಬಂದ.

"ಅಕ್ಕಾ, ಈಗೆಲ್ಲಾ ನಿಮ್ಮ ಕೈಯಾಗೈತಿ. ಹತ್ತು ದಿನದಾಗ ಒಣಾ ಮಾಲ್ ಅಷ್ಟ ಆರಿಸಿ ಹಿಂದಿನ ಶೆಡ್ಡಿನ್ಯಾಗ ಒಟ್ಟಿಡ್ರಿ. ಪಾಸಾದ್ರ ನಿಮ್ಮೆಲ್ಲಾರ ಕೆಲಸಾ ಪರ್ಮನೆಂಟ್ ಮಾಡಸ್ತೀನಿ."

"ಖರೇನ್ರಿ ಸಾಹೇಬ್ರ?"

"ನಮ್ಮವ್ವನ ಆಣಿ."

ಅವ್ವನ ಮೇಲೆ ಆಣೆ ಮಾಡಿದವನನ್ನು ನಂಬದೆ ಹೇಗಿರುತ್ತಾಳೆ? ಮೂವತ್ತೆರಡು ಹೆಂಗಸರನ್ನೂ ಹುರಿದುಂಬಿಸಿದಳು. ಟೇಲರ್ ಅಂಗಡಿಯ ಬಟ್ಟೆ ಚೂರು, ರಟ್ಟು, ಒಣ ತೆಂಗಿನ ಚಿಪ್ಪು, ಮುರಿದ ಬುಟ್ಟಿ, ಒಂದೊಂದನ್ನೂ ಮುಟ್ಟಿ ಆರಿಸಿದರು. ಪಾಯಸಕ್ಕೆ ಅಕ್ಕಿ ಆರಿಸುವಾಗಲೂ ಅಷ್ಟು ಜತನ ಮಾಡಿದವರಲ್ಲ. ಸಾವಿತ್ರಿಬಾಯಿಯ ಅಂಗೈ ಗಾಜು ತಾಗಿ ಸೀಳಿತು, ಅರಿವೆ ಸುತ್ತಿಕೊಂಡು ಅವಳೂ ಆರಿಸಿದಳು.

ಪರೀಕ್ಷೆಯ ಮೂರು ದಿನ ಯಾರೂ ಬರಬೇಡಿ ಎಂದರು. ಪರೀಕ್ಷೆಗೆ ಬರುವ ಪುರಸಭೆ ಸಾಹೇಬರ ಕಣ್ಣಿಗೆ ಆರಿಸುವ ಹೆಂಗಸರು ಬೀಳಬಾರದಲ್ಲ! ಸುಗಲಮ್ಮ ಮನೆ ಬಾಗಿಲಲ್ಲೇ ಕೂತು ಚಿಮಣಿ ನೋಡಿದಳು. ಏಳು ವರ್ಷದಲ್ಲಿ ಮೊದಲ ಸಲ ಕರಿ ಹೊಗೆ ಇಲ್ಲ. "ನೋಡ್ರಿ, ನಾ ಆರಿಸಿದ ಮಾಲ್ ಹೆಂಗ ಉರಿಯಾಕತ್ತೈತಿ" ಎಂದು ಮಾಣಿಕಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ ತೋರಿಸಿದಳು. ಹತ್ತೊಂಬತ್ತು ಮೆಗಾವ್ಯಾಟ್ ಬಂತಂತೆ. ಶೆಡ್ಡಿಗೆ ಒಂದು ಡಬ್ಬಿ ಲಾಡು ಬಂತು.

ಇಪ್ಪತ್ತು ದಿನಕ್ಕೆ ಶೆಡ್ಡಿಗೆ ಬೀಗ ಬಿತ್ತು.

ಗೇಟಿನ ಹೊರಗೆ ಗುಂಪು ಕಟ್ಟಿದ ಹೆಂಗಸರಿಗೆ ದೀಪಕ ವರದಿಯ ಅರ್ಥ ಹೇಳಿದ. ಊರ ಕಸ ಬಂದ ಹಾಗೇ ಚೆನ್ನಾಗಿ ಉರಿಯುತ್ತದೆ ಎಂದು ಪರೀಕ್ಷೆಯಲ್ಲಿ ಸಾಬೀತಾಗಿದೆ. ಆದ್ದರಿಂದ ಆರಿಸುವ ಶೆಡ್ಡು ದಂಡ.

"ನಾವು ಆರಿಸಿದ್ದು ಬರದಿಲ್ಲೇನ್ರಿ ಅದರಾಗ?" ಸುಗಲಮ್ಮ ಕೇಳಿದಳು.

"ಅದನ್ನ ಬರದ್ರ ಪಾಸ್ ಹೆಂಗಾಗ್ತಿತ್ತಕ್ಕಾ?"

"ನಿಮ್ಮವ್ವನ ಆಣಿ ಮಾಡಿದ್ರಿ."

ಅವನು ನೆಲ ನೋಡಿದ. "ಮ್ಯಾಲಿನವ್ರ ಹುಕುಂ. ನನ್ನ ಕೈಯಾಗ ಏನೈತಿ?"

ಸಾವಿತ್ರಿಬಾಯಿ ಅವನನ್ನು ಬಿಟ್ಟು ಸುಗಲಮ್ಮನತ್ತ ತಿರುಗಿ, ಗಾಯ ಇನ್ನೂ ಮಾಯದ ಅಂಗೈ ಚಾಚಿ ಅಂದಳು: "ನಿನ್ನ ಶಾಣ್ಯಾತನಕ್ಕ ನಮ್ಮ ಬಾಯಾಗ ಮಣ್ಣು ಬಿತ್ತಲ್ಲ ತಂಗಿ."

ಆ ಮಾತು ಬೆಂಕಿಯ ಹಾಗೆ ಸುಟ್ಟಿತು, ಯಾಕೆಂದರೆ ಅದು ನಿಜವಾಗಿತ್ತು. ಅಷ್ಟು ಚೆನ್ನಾಗಿ ಆರಿಸದೆ ಹೋಗಿದ್ದರೆ ಕೆಲಸ ಉಳಿಯುತ್ತಿತ್ತೇನೋ. ಕೆಲಸ ಬಲ್ಲವಳು ಕೆಲಸ ಕಳೆದುಕೊಂಡಳು. ಕಸದ ಹತ್ತಿರವೂ ಸುಳಿಯದವರು ಶಾಲು ಹೊದ್ದು ಫೋಟೋ ತೆಗೆಸಿಕೊಂಡರು. ಇದಕ್ಕೆ ನ್ಯಾಯ ಅಂತ ಹೆಸರಿಟ್ಟವರ ಮುಖಕ್ಕೆ ಏನು ಹೇಳಬೇಕು?

ಆಮೇಲೆ ಒಂದು ವರ್ಷ ಸುಗಲಮ್ಮ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಒರೆಸಿದಳು. ಕಾರ್ಖಾನೆ ಹಸಿ ಕಸವನ್ನು ಹಾಗೇ ನುಂಗಿ ಏಳು ಮೆಗಾವ್ಯಾಟಿಗೆ ಇಳಿಯಿತು. ಹೊಗೆ ಬಸ್ತಿಯ ಮೇಲೆ ಕೂತಿತು. ಮಾಣಿಕಪ್ಪನಿಗೆ ಸೊಂಟದ ನೋವಿನ ಜೊತೆಗೆ ಕೆಮ್ಮೂ ಹತ್ತಿಕೊಂಡಿತು.

ವರ್ಷ ತುಂಬಿದ ಮೇಲೆ ದೀಪಕ ಅವಳ ಮನೆ ಬಾಗಿಲಿಗೇ ಬಂದ. ಮತ್ತೆ ಪರೀಕ್ಷೆ. ಗುತ್ತಿಗೆದಾರನ ಆಳುಗಳು ಮಾಲು ಒಟ್ಟಿದ್ದಾರೆ, ಯಾವುದು ಒಣ ಯಾವುದು ಹಸಿ ಅವರಿಗೆ ತಿಳಿಯದು.

"ನೀವು ಕೈ ಹಾಕಿ ಹೇಳಿದ್ರ ಸಾಕಕ್ಕಾ. ಮೂರು ದಿನದ ಕೆಲಸ."

"ಆಮ್ಯಾಗ?"

"ಆಮ್ಯಾಗ ನೋಡೂಣು."

"ನಮ್ಮ ಹೆಣ್ಮಕ್ಕಳು?"

"ಅದನ್ನೂ ನೋಡೂಣು."

ಈ ಸಲ ಅವ್ವನ ಆಣೆಯೂ ಇರಲಿಲ್ಲ. ಮಾಣಿಕಪ್ಪ ಬೇಡವೆಂದು ತಲೆ ಆಡಿಸಿದ. ಸುಗಲಮ್ಮ ಸೆರಗು ಸಿಕ್ಕಿಸಿ ಹೊರಟಳು.

ಹಿಂದಿನ ಶೆಡ್ಡಿನಲ್ಲಿ ಆಳೆತ್ತರ ಗುಡ್ಡೆ. ಮೇಲೆಲ್ಲ ಗರಿಗರಿ ಒಣಗಿದ ರಟ್ಟು, ನೋಡಿದವರಿಗೆ ಬಂಗಾರ. ಅವಳು ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಬೆಚ್ಚಗೆ, ಜಿಗುಟಾಗಿತ್ತು. ಹಿಡಿ ಹೊರತೆಗೆದು, ದೀಪಕನಿಗೆ ಬೆನ್ನು ಮಾಡಿ ಹಿಂಡಿದಳು. ಕರಿ ನೀರು ಬೆರಳ ಸಂದಿಯಿಂದ ಹರಿದು ಬಳೆಗಳನ್ನು ದಾಟಿ ಮೊಣಕೈಯಿಂದ ತೊಟ್ಟಿಕ್ಕಿತು.

"ಹೆಂಗೈತ್ರಿ ಅಕ್ಕಾ?" ಹತ್ತು ಮಾರು ದೂರದಿಂದ, ಕರ್ಚೀಫಿನೊಳಗಿಂದ ದನಿ ಬಂತು.

ಸುಗಲಮ್ಮ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ತಿರುಗಿದಳು.

"ಒಣಾ ಐತ್ರಿ ಸಾಹೇಬ್ರ. ಹಾಕ್ರಿ."

ಕೋಠಿಯಲ್ಲಿ ಹಸಿದ ದಿನವೂ ಆಡದ ಸುಳ್ಳು ಅದು. ದೀಪಕ ಬರೆದುಕೊಂಡ. ಮೂರು ದಿನವೂ ಕೇಳಿದ, ಮೂರು ದಿನವೂ ಬರೆದುಕೊಂಡ.

ಪರೀಕ್ಷೆಯ ಬೆಳಿಗ್ಗೆ ಚಿಮಣಿಯಿಂದ ಎದ್ದ ಕರಿ ಹೊಗೆ ನೇರ ಬಸ್ತಿಗೇ ಬಂತು. ಮಾಣಿಕಪ್ಪ ಕೆಮ್ಮಿ ಕೆಮ್ಮಿ ಸುಸ್ತಾಗಿ, "ಬಾಗಿಲಾ ಹಾಕ" ಎಂದ.

"ತಡೀರಿ" ಎಂದಳು ಸುಗಲಮ್ಮ, ಹೊಸ್ತಿಲ ಮೇಲೆ ಕೂತವಳು. "ಇನ್ನೊಂದೀಟು ನೋಡ್ತೀನಿ."