ನೀಲಿಕೈ ಮೇಸ್ತ್ರಿಯ ಟಾರ್ಪಾಲು

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ನೀಲಿಕೈ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೊಣಕೈವರೆಗೂ ಏರಿದ್ದ ನೀಲಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವನೂ ಮನಸ್ಸಿಟ್ಟು ಉಜ್ಜಿದವನಲ್ಲ ಬಿಡಿ. ಅವನು ಅದ್ದಿದ ಬಟ್ಟೆ ಹರಿದು ಚಿಂದಿಯಾದೀತೇ ಹೊರತು ಬಣ್ಣ ಬಿಡದು. ಬಣ್ಣಕ್ಕೆ ಬಿಸಿಲೇ ಶತ್ರು ಎಂಬುದು ಅವನ ರಕ್ತಕ್ಕಿಳಿದಿತ್ತು. ತೆರೆದ ತೊಟ್ಟಿ ಕಂಡರೆ ಸಾಕು, ಕೈ ತಾನಾಗಿ ಟಾರ್ಪಾಲು ಎಳೆಯುತ್ತಿತ್ತು.

ಹಿತ್ತಲ ತೊಟ್ಟಿಯ ನೀಲಿ ನೀರು ಕಾಲುವೆ ಸೇರುತ್ತಿದೆ, ಬೇಗ ತಿಳಿಯಾಗದಿದ್ದರೆ ಕಾರ್ಖಾನೆಗೆ ಬೀಗ ಜಡಿಯುತ್ತೇವೆ ಎಂದು ಅಧಿಕಾರಿಗಳು ಹೇಳಿಹೋದರು. ಆಗ ಬಂದವಳು ಮೇಸ್ತ್ರಿಯ ಅಣ್ಣನ ಮಗಳು. ಪ್ರಯೋಗಾಲಯದಲ್ಲಿ ಕೆಲಸ ಅವಳಿಗೆ. ಬಿಳಿ ಪುಡಿ ಬಳಿದ ಗಾಜಿನ ಹಲಗೆಗಳನ್ನು ತೊಟ್ಟಿಯೊಳಗೆ ಸಾಲಾಗಿ ಇಳಿಸಿದಳು.

“ಚಿಕ್ಕಪ್ಪ, ಇವೇ ಬಣ್ಣಾನ ಒಡೆದು ಹಾಕ್ತವೆ. ನೀರಿಗೆ ಮಾತ್ರ ಯಾರೂ ಕೈ ಹಾಕಬಾರದು.”

ಮೇಸ್ತ್ರಿ ನೀರಿಗೆ ಕೈ ಹಾಕಲಿಲ್ಲ. ಅವಳು ಅತ್ತ ಹೋದೊಡನೆ ಟಾರ್ಪಾಲು ಮುಚ್ಚುತ್ತಿದ್ದ, ಬಿಸಿಲಿಳಿದು ಸಂಜೆ ಅವಳು ಬರುವ ಹೊತ್ತಿಗೆ ಸರಿಸುತ್ತಿದ್ದ. ನೀರು ಹಾಗೇ ನೀಲಿ. ಅವನಿಗೆ ತಲೆಬುಡ ತಿಳಿಯಲಿಲ್ಲ. ಹುಡುಗಿ ಓದಿದ್ದೆಲ್ಲ ಸುಳ್ಳೇ? ಪುಡಿ ಹಳಸಿದೆಯೇ? ನನ್ನ ಬಣ್ಣ ಅಂದರೆ ಸುಮ್ಮನೇನಾ ಎಂಬ ಹಮ್ಮು ಒಂದು ಕಡೆ. ಥೂ, ಬೀಗ ಬೀಳುವುದು ನನ್ನ ಹೊಟ್ಟೆಯ ಮೇಲೇ ಎಂಬ ದಿಗಿಲು ಇನ್ನೊಂದು ಕಡೆ.

ಕೊನೆಗೆ ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. “ಇಷ್ಟು ಬಿಸಿಲು ಬಿದ್ರೂ ಯಾಕೆ ಹೀಗೆ?”

“ಬಿಸಿಲಿಗೂ ಈ ಹಲಗೆಗೂ ಏನಮ್ಮ ಸಂಬಂಧ?”

“ಬೆಳಕು ಬೀಳದೆ ಇವು ಕೆಲಸಾನೇ ಮಾಡಲ್ಲ ಚಿಕ್ಕಪ್ಪ!”

ಮೇಸ್ತ್ರಿಯ ಕಣ್ಣು ಮೂಲೆಯ ಟಾರ್ಪಾಲಿನತ್ತ ಹೋಯಿತು. ಹಿಂದೆಯೇ ಅವಳ ಕಣ್ಣೂ.

“ಮುಚ್ಚಿದ್ರಾ?”

“ದಿನಾ ಮುಚ್ಚಿದೀನಿ. ಹಾಳಾಗದಿರಲಿ ಅಂತ.”

“ಏನು ಹಾಳಾಗದಿರಲಿ ಅಂತ?”

“ಬಣ್ಣ,” ಎಂದ. ಹೇಳಿದ ಮೇಲೆಯೇ ಆ ಮಾತು ಅವನ ಕಿವಿಗೆ ಬಿದ್ದದ್ದು. ಅವಳು ಅಳು ನುಂಗಿಕೊಂಡು ಬಿದ್ದು ಬಿದ್ದು ನಕ್ಕಳು.

ಟಾರ್ಪಾಲು ಮಡಚಿ ಅದರ ಮೇಲೇ ಕೂತು ಮೇಸ್ತ್ರಿ ಕಾದ. ಬಿಸಿಲು ಏರಿದಂತೆಲ್ಲ ನೀಲಿ ತೆಳುವಾಯಿತು. ಮರುದಿನದ ಹೊತ್ತಿಗೆ ತಳದ ಇಟ್ಟಿಗೆಗಳು ಕಂಡವು. ಬೀಗ ತಪ್ಪಿತೆಂದು ಅವನಿಗೆ ಸಂತೋಷವಾಯಿತು, ನಿಜಕ್ಕೂ ಆಯಿತು. ಆದರೂ ಜೀವಮಾನವೆಲ್ಲ ಬಿಸಿಲಿನಿಂದ ಅಡಗಿಸಿ ಕಾಪಾಡಿದ ಬಣ್ಣ ಹೇಳದೆ ಕೇಳದೆ ಹೊರಟುಹೋಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಈಗ ಕೈ ಹಾಕಬಹುದು ಚಿಕ್ಕಪ್ಪ, ಬನ್ನಿ, ಹಲಗೆ ಎತ್ತೋಣ,” ಎಂದು ಅವಳು ಕರೆದಳು.

ಮೇಸ್ತ್ರಿ ಎರಡೂ ನೀಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನೀನೇ ಎತ್ತಮ್ಮ,” ಅಂದ.